ರಕ್ತ ತೊಟ್ಟಿಕ್ಕುವ ಬೀದಿನಾಯಿ: ಹಿಡಿಯುವುದರಿಂದ ಮರಳಿ ಬಿಡುವವರೆಗೆ

ನಾಯಿ ಕುಳಿತೆದ್ದ ಕಡೆಯಲ್ಲೆಲ್ಲ ಕೆಂಪು ಕಲೆ. ಹೆಣ್ಣಾಗಿದ್ದರೆ ಬೀದಿಯವರು ಬೆದೆಗೆ ಬಂದಿದೆ ಎನ್ನುತ್ತಾರೆ, ಗಂಡಾಗಿದ್ದರೆ ಯಾರೋ ಕಲ್ಲು ಹೊಡೆದಿರಬೇಕು ಎನ್ನುತ್ತಾರೆ. ತಿಂಗಳು ಕಳೆದರೂ ರಕ್ತ ನಿಲ್ಲದೆ ಹೋದಾಗ, ಅಷ್ಟರಲ್ಲಿ ಯಾರೋ ಒಬ್ಬರು ಗಡ್ಡೆಯನ್ನು ನೋಡಿರುತ್ತಾರೆ, ಮಾತು ಬದಲಾಗುತ್ತದೆ: ಕ್ಯಾನ್ಸರ್, ಇನ್ನು ಬದುಕುವುದಿಲ್ಲ.

ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ, ಎರಡನೆಯದು ಸುಳ್ಳು. ನಮ್ಮ ಊರುಗಳ ಬೀದಿನಾಯಿಗಳಲ್ಲಿ ಜನನಾಂಗದ ಮೇಲೆ ಕಾಣುವ ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಟಿವಿಟಿ (ಟ್ರಾನ್ಸ್‌ಮಿಸಿಬಲ್ ವೆನೀರಿಯಲ್ ಟ್ಯೂಮರ್) ಎಂದು ಪಶುವೈದ್ಯರು ಕರೆಯುವ ಕಾಯಿಲೆ. ಇದು ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್. ಸರಿಯಾಗಿ ಚಿಕಿತ್ಸೆ ಕೊಟ್ಟರೆ ಹತ್ತರಲ್ಲಿ ಒಂಬತ್ತು ನಾಯಿಗಳು ಪೂರ್ತಿ ಗುಣವಾಗುತ್ತವೆ. ಔಷಧಿ ಹೊಸದಲ್ಲ, ಅಪರೂಪದ್ದೂ ಅಲ್ಲ. ಕಷ್ಟ ಇರುವುದು ಬೇರೆ ಕಡೆ. ಅದೇ ನಾಯಿಯನ್ನು ವಾರಕ್ಕೊಮ್ಮೆ, ತಪ್ಪದೆ, ನಾಲ್ಕರಿಂದ ಎಂಟು ವಾರ ಅದೇ ಮೇಜಿನ ಮೇಲೆ ನಿಲ್ಲಿಸಬೇಕು. ಮೂರನೇ ವಾರಕ್ಕೆ ರಕ್ತ ನಿಂತಿತೆಂದು ಬಿಟ್ಟುಬಿಟ್ಟವರ ನಾಯಿಗಳೇ ಮತ್ತೆ ಗಡ್ಡೆ ಹೊತ್ತು ಬರುವುದು. ಆದ್ದರಿಂದ ಹಗ್ಗ ಹುಡುಕುವ ಮೊದಲು ಕ್ಯಾಲೆಂಡರ್ ನೋಡಿ. ಮುಂದಿನ ಎರಡು ತಿಂಗಳಲ್ಲಿ ವಾರದ ಒಂದು ಬೆಳಿಗ್ಗೆಯನ್ನು ಕೊಡಲು ನಿಮಗೆ ಅಥವಾ ನಿಮ್ಮ ಜೊತೆಯವರಿಗೆ ಸಾಧ್ಯವೇ? ಒಬ್ಬರಿಂದ ಆಗದಿದ್ದರೆ ಇಬ್ಬರು ಹಂಚಿಕೊಳ್ಳಿ. ಯಾರೂ ಇಲ್ಲವೆಂದಾದರೆ ಚಿಕಿತ್ಸೆಯನ್ನು ಅರ್ಧ ಮಾಡಿ ಬಿಡುವುದಕ್ಕಿಂತ ಊರಿನ ಪ್ರಾಣಿದಯಾ ಸಂಸ್ಥೆಗೆ ನಾಯಿಯನ್ನು ಒಪ್ಪಿಸುವುದು ಒಳ್ಳೆಯದು.

ಹತ್ತಿರ ಹೋಗುವ ಮುನ್ನ ನೋಡಬೇಕಾದ್ದು

ಒಂದೆರಡು ದಿನ ದೂರದಿಂದ ಗಮನಿಸಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬೆದೆಯ ರಕ್ತ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಿಳಿಯಾಗಿ ನಿಲ್ಲುತ್ತದೆ. ಗಡ್ಡೆಯ ರಕ್ತ ನಿಲ್ಲುವುದಿಲ್ಲ. ನಾಯಿ ಆ ಜಾಗವನ್ನು ಪದೇ ಪದೇ ನೆಕ್ಕುತ್ತಿರುತ್ತದೆ. ಗಂಡುನಾಯಿಯಲ್ಲಿ ಗಡ್ಡೆ ಚರ್ಮದ ಚೀಲದೊಳಗೆ ಅಡಗಿರುವುದರಿಂದ ಊತ ಮತ್ತು ತೊಟ್ಟಿಕ್ಕುವ ರಕ್ತ ಮಾತ್ರ ಕಾಣಬಹುದು. ಹೆಣ್ಣಿನಲ್ಲಿ ಬೆಳೆದ ಗಡ್ಡೆ ಹೊರಗೆ ಇಣುಕುತ್ತದೆ: ಹೂಕೋಸಿನ ಹಾಗೆ ಗಂಟುಗಂಟಾದ, ಹಸಿ ಮಾಂಸದ ಬಣ್ಣದ, ಮುಟ್ಟಿದರೆ ಪುಡಿಯಾಗಿ ರಕ್ತ ಒಸರುವ ಮುದ್ದೆ. ಒಬ್ಬರ ಗುಪ್ತಾಂಗವನ್ನು ಇನ್ನೊಬ್ಬರು ಮೂಸುವುದು, ನೆಕ್ಕುವುದು ನಾಯಿಗಳ ಸಹಜ ಶಿಷ್ಟಾಚಾರವಾದ್ದರಿಂದ ಗಡ್ಡೆ ಮೂಗಿನೊಳಗೂ ಬಾಯಿಯಲ್ಲೂ ಬೆಳೆಯಬಹುದು. ಆಗ ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು, ಮುಖದ ಒಂದು ಬದಿ ಊದಿಕೊಳ್ಳುವುದು ಕಾಣುತ್ತದೆ.

ಇದೇ ಲಕ್ಷಣಗಳನ್ನು ತೋರಿಸುವ ಬೇರೆ ಕಾಯಿಲೆಗಳೂ ಇವೆ. ಉಣ್ಣೆ ಕಡಿತದಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ ಬರುತ್ತದೆ. ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದರೆ ದುರ್ವಾಸನೆಯ ಸ್ರಾವ, ವಿಪರೀತ ಬಾಯಾರಿಕೆ, ಮಂಕುತನ ಇರುತ್ತದೆ. ಇದಕ್ಕೆ ವಾರಗಟ್ಟಲೆ ಕಾಯುವಂತಿಲ್ಲ, ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಎಲ್ಲಕ್ಕಿಂತ ಮೊದಲ ಪ್ರಶ್ನೆ ರೇಬೀಸ್. ನಾಯಿ ಕಾರಣವಿಲ್ಲದೆ ಎರಗುತ್ತಿದೆಯೇ, ಕೆಳದವಡೆ ಜೋತು ಜೊಲ್ಲು ಸುರಿಯುತ್ತಿದೆಯೇ, ಬೊಗಳುವ ಸ್ವರ ಒಡೆದಿದೆಯೇ, ಕಾಲು ಎಳೆಯುತ್ತಿದೆಯೇ, ಕಲ್ಲು ಕಡ್ಡಿ ಕಡಿಯುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಹತ್ತಿರ ಹೋಗಬೇಡಿ. ನಗರಸಭೆಗೋ ಪಶುಪಾಲನಾ ಇಲಾಖೆಗೋ ತಿಳಿಸಿ. ಎಂದಿನಂತೆ ತಿಂದು, ಪರಿಚಯದವರನ್ನು ಕಂಡು ಬಾಲ ಆಡಿಸುವ ನಾಯಿಯನ್ನು ಹಿಡಿಯಹೊರಟರೂ ನಿಮ್ಮ ಮೈಗೆ ಲಸಿಕೆ ಇರಲಿ. ಬೀದಿನಾಯಿಗಳ ಕೆಲಸಕ್ಕೆ ಇಳಿಯುವವರು ಕಚ್ಚಿಸಿಕೊಳ್ಳುವ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ. ಕಚ್ಚಿದರೆ, ಹಲ್ಲು ತಾಗಿ ಚರ್ಮ ಕೆತ್ತಿದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ಗಾಯ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ಮೊದಲೇ ಲಸಿಕೆ ಹಾಕಿಸಿಕೊಂಡಿರದವರಿಗೆ, ಚರ್ಮ ಹರಿದು ರಕ್ತ ಬಂದ ಕಡಿತಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯ) ಸಹ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ಹಿಡಿಯುವುದು

ಬೆನ್ನಟ್ಟಿ ಹಿಡಿದ ನಾಯಿ ಮುಂದಿನ ವಾರ ನಿಮ್ಮ ನೆರಳು ಕಂಡರೂ ಓಡುತ್ತದೆ. ಎಂಟು ವಾರದ ಕೆಲಸಕ್ಕೆ ಇದು ಕೆಟ್ಟ ಆರಂಭ. ನಾಯಿಗೆ ದಿನವೂ ಊಟ ಹಾಕುವವರು ಬೀದಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ: ಟೀ ಅಂಗಡಿಯವರು, ಕಾವಲುಗಾರರು, ಹೂ ಮಾರುವ ಅಜ್ಜಿ. ಮೊದಲು ಅವರ ಸ್ನೇಹ ಮಾಡಿಕೊಳ್ಳಿ. ನಾಯಿ ಎಷ್ಟು ಗಂಟೆಗೆ ಎಲ್ಲಿ ಮಲಗುತ್ತದೆ, ಯಾರ ಮಾತು ಕೇಳುತ್ತದೆ, ಮರಿ ಹಾಕಿದ್ದು ಯಾವಾಗ ಎಲ್ಲವೂ ಅವರಿಗೆ ಗೊತ್ತು. ನಾಲ್ಕೈದು ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಬೇಯಿಸಿದ ಕೋಳಿ ಕಲಸಿದ ಅನ್ನ ಇಡಿ. ತಿನ್ನುವಾಗ ಕುತ್ತಿಗೆ ಸವರಲು ಬಿಟ್ಟಿತೆಂದರೆ ಅರ್ಧ ಕೆಲಸ ಮುಗಿಯಿತು.

ಹಿಡಿಯುವ ದಿನ ಬೆಳಿಗ್ಗೆ ಊಟ ಕಡಿಮೆ ಇರಲಿ. ಅಗಲವಾದ ಬಟ್ಟೆಯ ಪಟ್ಟಿಯಲ್ಲಿ ಸರಿಯುವ ಕುಣಿಕೆ ಮಾಡಿ ತಟ್ಟೆಯ ಸುತ್ತ ಇಟ್ಟು, ತಲೆ ಬಗ್ಗಿಸಿದಾಗ ನಿಧಾನವಾಗಿ ಮೇಲೆತ್ತಿ. ಪ್ಲಾಸ್ಟಿಕ್ ಹಗ್ಗ ಕುತ್ತಿಗೆ ಕೊಯ್ಯುತ್ತದೆ, ಬೇಡ. ಬಾಯಿಕುಕ್ಕೆ ಇಲ್ಲದಿದ್ದರೆ ಗಾಯಕ್ಕೆ ಸುತ್ತುವ ಬ್ಯಾಂಡೇಜ್ ಬಟ್ಟೆಯೇ ಸಾಕು: ಮೂತಿಯ ಮೇಲೊಂದು ಸುತ್ತು, ಗದ್ದದ ಕೆಳಗೊಂದು ಗಂಟು, ತುದಿಗಳನ್ನು ಕಿವಿಯ ಹಿಂದೆ ಒಯ್ದು ಎಳೆದರೆ ಬಿಚ್ಚುವಂತೆ ಇನ್ನೊಂದು. ಮೂಗಿನಲ್ಲಿ ಗಡ್ಡೆ ಇರುವ, ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ ನಾಯಿಗೆ ಮಾತ್ರ ಬಾಯಿ ಕಟ್ಟಲೇಬಾರದು. ಮಂಪರು ಬರಿಸುವ ಮಾತ್ರೆಯನ್ನು ಅನ್ನದಲ್ಲಿ ಕಲಸಿ ಹಾಕುವ ಸಾಹಸವೂ ಬೇಡ. ಅರೆ ಮಂಪರಿನಲ್ಲಿ ನಾಯಿ ರಸ್ತೆಗೆ ಓಡಿ ವಾಹನದಡಿ ಸಿಗುತ್ತದೆ. ಕೈಗೆ ಸಿಗದ ನಾಯಿಗೆ ಬಲೆ ಹಾಕಿ ಹಿಡಿಯಲು ಕಲಿತವರು ಪಾಲಿಕೆಯ ಸಂತಾನಹರಣ ಕಾರ್ಯಕ್ರಮದಲ್ಲಿ ಇರುತ್ತಾರೆ, ಅವರನ್ನು ಕೇಳಿ.

ಆಟೋ ಚಾಲಕರಿಗೆ ಮೊದಲೇ ಹೇಳಿರಿ, ಸೀಟಿನ ಕೆಳಗೆ ಹಾಸಲು ಗೋಣಿಚೀಲವನ್ನೂ ಹಳೆಯ ಪತ್ರಿಕೆಯನ್ನೂ ನೀವೇ ಒಯ್ಯಿರಿ. ಕಾಸು ಸ್ವಲ್ಪ ಹೆಚ್ಚು ಕೊಟ್ಟರೆ ಮುಂದಿನ ವಾರವೂ ಅವರೇ ಬರುತ್ತಾರೆ.

ಯಾವ ಆಸ್ಪತ್ರೆ

ಟಿವಿಟಿಗೆ ಕೊಡುವುದು ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯ ಚುಚ್ಚುಮದ್ದು. ಪ್ರತಿಯೊಂದು ಪಶು ಆಸ್ಪತ್ರೆಯಲ್ಲೂ ಈ ಚಿಕಿತ್ಸೆ ಸಿಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳ ಹೊತ್ತೆಲ್ಲ ಬಹುಪಾಲು ದನ, ಕುರಿಗಳಿಗೇ ಹೋಗುತ್ತದೆ. ಫೋನ್ ಮಾಡಿ ನೇರವಾಗಿ ಕೇಳಿ: ಟಿವಿಟಿಗೆ ವಿನ್‌ಕ್ರಿಸ್ಟಿನ್ ಕೊಡುತ್ತೀರಾ, ರಕ್ತ ಪರೀಕ್ಷೆ ಅಲ್ಲೇ ಆಗುತ್ತದೆಯೇ? ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ, ಅಥಣಿಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅವುಗಳ ಆಸುಪಾಸಿನವರು ಮೊದಲು ಅಲ್ಲಿ ವಿಚಾರಿಸಬಹುದು. ಬೆಂಗಳೂರಿನ ಕ್ಯೂಪಾ, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆಗಳು ಬೀದಿಪ್ರಾಣಿಗಳಿಗಾಗಿಯೇ ಕೆಲಸ ಮಾಡುತ್ತವೆ. ಅವರಲ್ಲಿ ಜಾಗ ಯಾವಾಗಲೂ ಕಡಿಮೆ. 'ಬಂದು ಒಯ್ಯಿರಿ' ಎನ್ನುವವರ ಸಾಲು ಉದ್ದ. 'ನಾನೇ ತರುತ್ತೇನೆ, ನಾನೇ ಇಟ್ಟುಕೊಳ್ಳುತ್ತೇನೆ, ಚುಚ್ಚುಮದ್ದು ಮಾತ್ರ ಕೊಡಿ' ಎನ್ನುವವರಿಗೆ ದಾರಿ ಬೇಗ ಸಿಗುತ್ತದೆ. ಊರಿನಲ್ಲಿ ಏನೂ ಇಲ್ಲದವರು ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯಲ್ಲಿ ವಿಚಾರಿಸಿ ನೋಡಬಹುದು.

ಗಡ್ಡೆ ಯಾವುದೆಂದು ಖಚಿತವಾಗಬೇಕು

ಕಣ್ಣಂದಾಜಿನಲ್ಲಿ ಕೀಮೋಥೆರಪಿ ಶುರು ಮಾಡಿಸಬೇಡಿ. ಪರೀಕ್ಷೆ ಸರಳ. ವೈದ್ಯರು ಗಡ್ಡೆಯ ಮೇಲ್ಮೈಯನ್ನು ಒರೆಸಿ ಗಾಜಿನ ಪಟ್ಟಿಯನ್ನು ಮೆಲ್ಲಗೆ ಒತ್ತುತ್ತಾರೆ, ಇಲ್ಲವೇ ಸಣ್ಣ ಸೂಜಿಯಿಂದ ಚೂರು ದ್ರವ ಎಳೆದು ಅದರ ಮೇಲೆ ಹರಡುತ್ತಾರೆ. ಒಣಗಿಸಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡನೆಯ ಜೀವಕೋಶಗಳು ಗುಂಪುಗುಂಪಾಗಿ ಕಾಣುತ್ತವೆ. ಒಂದೊಂದರ ಒಳಗೂ ಬಣ್ಣ ಹಿಡಿಯದ ಪುಟ್ಟ ಗುಳ್ಳೆಗಳು ಸಾಲಾಗಿರುತ್ತವೆ. ಆ ಗುಳ್ಳೆಗಳೇ ಟಿವಿಟಿಯ ಗುರುತು. ಕೇಳಿಕೊಂಡರೆ ನಿಮಗೂ ತೋರಿಸುತ್ತಾರೆ, ನೋಡಿ. ನೀವು ನೋಡುತ್ತಿರುವ ಜೀವಕೋಶ ಆ ನಾಯಿಯದ್ದೇ ಅಲ್ಲ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಯಾವುದೋ ಒಂದೇ ನಾಯಿಯ ಗಡ್ಡೆಯ ಜೀವಕೋಶಗಳು ಕೂಡುವಾಗ ಕಳಚಿ ಇನ್ನೊಂದು ನಾಯಿಗೆ ಅಂಟಿ, ಅದರಿಂದ ಮತ್ತೊಂದಕ್ಕೆ ಅಂಟಿ, ಇಂದು ನಿಮ್ಮ ಬೀದಿಯವರೆಗೆ ಬಂದಿವೆ. ನಾಯಿಯ ಜೀವಕೋಶದಲ್ಲಿ 78 ವರ್ಣತಂತುಗಳಿದ್ದರೆ ಇದರಲ್ಲಿ 60ರ ಆಸುಪಾಸು. ಈ ಗಡ್ಡೆಯನ್ನು ನಾಯಿಯಿಂದ ನಾಯಿಗೆ ನೆಟ್ಟು ಬೆಳೆಸಬಹುದೆಂದು ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ 1876ರಲ್ಲೇ ತೋರಿಸಿದ್ದ. ಮನುಷ್ಯರಿಗೆ ಇದು ಅಂಟುವುದಿಲ್ಲ. ನಿಮ್ಮ ಮನೆಯ ನಾಯಿಗೆ ಅಂಟಬಹುದು, ಆದ್ದರಿಂದ ಎರಡನ್ನೂ ಒಂದೇ ಅಂಗಳದಲ್ಲಿ ಬಿಡಬೇಡಿ.

ಅದೇ ದಿನ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಬೀದಿನಾಯಿಗೆ ಒಂದೇ ಕಾಯಿಲೆ ಇರುವುದು ಅಪರೂಪ. ಉಣ್ಣೆಜ್ವರ, ಜಂತುಹುಳು, ರಕ್ತಹೀನತೆ ಸೇರಿಕೊಂಡಿರುತ್ತವೆ. ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ತೀರ ಕಡಿಮೆ ಇದ್ದರೆ ವೈದ್ಯರು ಮೊದಲು ಉಣ್ಣೆಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟು, ನಾಯಿ ಚೇತರಿಸಿಕೊಂಡ ಮೇಲೆ ಕ್ಯಾನ್ಸರ್ ಔಷಧಿಗೆ ಕೈಹಾಕುತ್ತಾರೆ. ತಡವಾಯಿತೆಂದು ಒತ್ತಾಯಿಸಬೇಡಿ. ಗಡ್ಡೆಯಲ್ಲಿ ಹುಳು ಬಿದ್ದಿದ್ದರೆ ಮೊದಲು ಅದರ ಶುದ್ಧಿಯಾಗಬೇಕು. ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯುವವರು ಇನ್ನೂ ಇದ್ದಾರೆ. ಹುಳು ಸಾಯುವ ಮೊದಲು ನಾಯಿಯ ಮಾಂಸ ಸುಡುತ್ತದೆ. ಗರ್ಭಿಣಿಯೇ ಎಂಬುದನ್ನೂ ನೋಡಿಸಿ, ಏಕೆಂದರೆ ಈ ಔಷಧಿ ಹೊಟ್ಟೆಯಲ್ಲಿರುವ ಮರಿಗಳನ್ನು ಹಾಳುಮಾಡುತ್ತದೆ.

ಗಡ್ಡೆ ಕತ್ತರಿಸಿ ತೆಗೆದುಬಿಡಿ, ಒಂದೇ ದಿನದಲ್ಲಿ ಮುಗಿಯುತ್ತದೆ ಎಂಬ ಸಲಹೆ ಬರುತ್ತದೆ. ಬರಿಯ ಶಸ್ತ್ರಚಿಕಿತ್ಸೆ ಮಾಡಿದರೆ ಗಡ್ಡೆ ಮತ್ತೆ ಹುಟ್ಟುವುದು ಸಾಮಾನ್ಯ.

ವಾರದ ಚುಚ್ಚುಮದ್ದು

ವಿನ್‌ಕ್ರಿಸ್ಟಿನ್ ನಮಗೆ ಅಪರಿಚಿತ ವಸ್ತುವೇನಲ್ಲ. ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ತೆಗೆಯುವ ಸತ್ವ ಅದು. ಹಾಗೆಂದು ಸೊಪ್ಪು ಅರೆದು ಕುಡಿಸಲು ಹೋಗಬೇಡಿ, ಗಿಡ ವಿಷ. ಔಷಧಿಯ ಪ್ರಮಾಣವನ್ನು ಮಿಲಿಗ್ರಾಂನ ಸಣ್ಣ ಭಾಗಗಳಲ್ಲಿ ಲೆಕ್ಕ ಹಾಕುತ್ತಾರೆ. ತೂಕದ ಕಿಲೋ ಒಂದಕ್ಕೆ 0.025 ಮಿಲಿಗ್ರಾಂ ಎಂಬುದು ರೂಢಿಯಲ್ಲಿರುವ ಲೆಕ್ಕಗಳಲ್ಲೊಂದು. ಆದ್ದರಿಂದ 'ಹದಿನೈದು ಕಿಲೋ ಇರಬಹುದು' ಎಂಬ ಊಹೆ ನಡೆಯದು. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ, ಪ್ರತಿ ವಾರವೂ.

ಔಷಧಿ ಮನುಷ್ಯರ ಕ್ಯಾನ್ಸರಿಗೂ ಬಳಸುವಂಥದ್ದು, ವೈದ್ಯರ ಚೀಟಿ ಇದ್ದರೆ ದೊಡ್ಡ ಔಷಧಿ ಅಂಗಡಿಗಳಲ್ಲಿ ತರಿಸಿಕೊಡುತ್ತಾರೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು; ಅಂಗಡಿಯಿಂದ ಆಸ್ಪತ್ರೆಗೆ ಮಂಜುಗಡ್ಡೆಯ ಪೊಟ್ಟಣದ ಜೊತೆ ಒಯ್ಯಿರಿ, ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ.

ಇಡೀ ಚಿಕಿತ್ಸೆಯಲ್ಲಿ ನಿಮ್ಮ ಕೈ ಗಟ್ಟಿಯಾಗಿರಬೇಕಾದ ಗಳಿಗೆ ಇದು. ಈ ಔಷಧಿ ರಕ್ತನಾಳದೊಳಗೇ ಹೋಗಬೇಕು. ಒಂದು ಹನಿ ಹೊರಗೆ ಸೋರಿದರೂ ಸುತ್ತಲಿನ ಚರ್ಮ ಸತ್ತು ಕಳಚುತ್ತದೆ, ಆ ಗಾಯ ಮಾಯಲು ವಾರಗಳು ಬೇಕು. ವೈದ್ಯರು ಮುಂಗಾಲಿನ ರೋಮ ಬೋಳಿಸಿ ಸಣ್ಣ ಕೊಳವೆ ಕೂರಿಸಿ, ಸಲೈನ್ ಹಾಯಿಸಿ ಸರಿಯಾಗಿ ಕೂತಿದೆಯೇ ಎಂದು ನೋಡಿ, ಆಮೇಲೆ ಔಷಧಿ ಕೊಟ್ಟು ಮತ್ತೆ ಸಲೈನ್ ಹಾಯಿಸುತ್ತಾರೆ. ಅಷ್ಟು ಹೊತ್ತು ನಾಯಿ ಕಾಲು ಎಳೆದುಕೊಳ್ಳಬಾರದು. ಒಬ್ಬರು ಕುತ್ತಿಗೆಯನ್ನು ತೋಳಿನಲ್ಲಿ ಬಳಸಿ ಎದೆಗೆ ಒತ್ತಿ ಹಿಡಿಯಿರಿ, ಇನ್ನೊಂದು ಕೈಯಿಂದ ನಾಯಿಯ ಮೊಣಕೈಯನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ನಿಲ್ಲಿಸಿ. ಇನ್ನೊಬ್ಬರು ಸೊಂಟ ನೋಡಿಕೊಳ್ಳಲಿ. ಬಾಯಿಗೆ ಬೆಣ್ಣೆಯನ್ನೋ ಮೊಸರನ್ನೋ ನೆಕ್ಕಿಸಲು ಮೂರನೆಯವರಿದ್ದರೆ ಒಳ್ಳೆಯದು. ಒದ್ದಾಡುವ ನಾಯಿಗೆ ವೈದ್ಯರು ಮಂಪರು ಕೊಡುತ್ತಾರೆ, ಅದಕ್ಕೆ ಬೇಡವೆನ್ನಬೇಡಿ. ಮನೆಗೆ ಬಂದ ಮೇಲೆ ಆ ಕಾಲು ಊದಿದರೆ, ಕೆಂಪಾದರೆ, ನಾಯಿ ಅದನ್ನೇ ನೆಕ್ಕುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಪ್ರತಿ ಚುಚ್ಚುಮದ್ದಿನ ಮುನ್ನ ರಕ್ತ ಪರೀಕ್ಷೆ ಆಗಬೇಕು. ಬಿಳಿ ರಕ್ತಕಣ 4,000ಕ್ಕಿಂತ ಕೆಳಗಿದ್ದರೆ ಆ ವಾರದ ಸೂಜಿಯನ್ನು ಮುಂದೂಡುತ್ತಾರೆ. ದುಡ್ಡು ಉಳಿಸಲು ಜನ ಮೊದಲು ಬಿಡುವುದು ಈ ಪರೀಕ್ಷೆಯನ್ನೇ. ದುಡ್ಡು ಉಳಿಸಲೇಬೇಕಾದರೆ ಬೇರೆಲ್ಲಾದರೂ ಉಳಿಸಿ. ಕಣ ಇಳಿದ ನಾಯಿಗೆ ಇದೇ ಔಷಧಿ ಕೊಟ್ಟರೆ ಸಣ್ಣ ಸೋಂಕೂ ಪ್ರಾಣ ತೆಗೆಯುತ್ತದೆ.

ಇನ್ನೊಂದು ಮಾತು ವೈದ್ಯರಿಗೆ ತಪ್ಪದೆ ತಿಳಿಸಬೇಕಾದ್ದು: ಚರ್ಮರೋಗಕ್ಕೆಂದು ನಾಯಿಗೆ ಬೇರೆಲ್ಲಾದರೂ ಕೀಟೊಕೊನಜೋಲ್ ಅಥವಾ ಇಟ್ರಾಕೊನಜೋಲ್ ಮಾತ್ರೆ ನಡೆಯುತ್ತಿದೆಯೇ ಎಂಬುದು. ಇವು ವಿನ್‌ಕ್ರಿಸ್ಟಿನ್‌ನ ವಿಷವನ್ನು ಹೆಚ್ಚಿಸುತ್ತವೆ.

ನಡುವಿನ ದಿನಗಳು

ಎಲ್ಲಿ ಇಡುವುದು? ಮೆಟ್ಟಿಲ ಕೆಳಗಿನ ಜಾಗ, ಖಾಲಿ ಗ್ಯಾರೇಜು, ತೋಟದ ಮನೆಯ ಶೆಡ್ಡು, ಗಾಳಿ ಬೆಳಕು ಇರುವ, ತೊಳೆಯಲು ಬರುವ ಯಾವುದಾದರೂ ಆದೀತು. ಎಂಟು ವಾರವೂ ಇಟ್ಟುಕೊಳ್ಳಲು ಆಗದವರು ಚುಚ್ಚುಮದ್ದಿನ ನಂತರದ ಎರಡು ಮೂರು ದಿನವಾದರೂ ಇಟ್ಟುಕೊಳ್ಳಬೇಕು. ಆ ದಿನಗಳಲ್ಲಿ ನಾಯಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಹೊರಬರುತ್ತದೆ. ಕೈಗವಸು ಹಾಕಿಕೊಂಡು ಕಾಗದದಲ್ಲಿ ಒರೆಸಿ, ಎರಡು ಚೀಲದಲ್ಲಿ ಕಟ್ಟಿ ಹಾಕಿ, ನೆಲವನ್ನು ಸಾಬೂನು ನೀರಿನಲ್ಲಿ ತೊಳೆಯಿರಿ. ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೆ ಹನಿಗಳು ಸುತ್ತಲೂ ಸಿಡಿಯುತ್ತವೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಈ ಕೆಲಸದಿಂದ ದೂರವಿರಲಿ.

ನನ್ನ ಅಭಿಪ್ರಾಯದಲ್ಲಿ ಸ್ನೇಹದ ನಾಯಿಯನ್ನು ಮೂರನೇ ದಿನ ಅದರ ಬೀದಿಗೆ ಬಿಟ್ಟು, ಮುಂದಿನ ವಾರ ಮತ್ತೆ ಕರೆದೊಯ್ಯುವುದೂ ನಡೆಯುತ್ತದೆ. ಎರಡು ತಿಂಗಳು ಕಾಣದ ನಾಯಿಯ ಜಾಗವನ್ನು ಬೇರೆ ನಾಯಿಗಳು ಆಕ್ರಮಿಸಿರುತ್ತವೆ, ಮರಳಿದಾಗ ಕಚ್ಚಾಟ ಖಂಡಿತ. ಆದರೆ ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿನಲ್ಲಿ, ಬೀದಿಯ ನಾಯಿಗಳೆಲ್ಲ ಬೆದೆಗೆ ಬಂದಿರುವಾಗ, ಹಾಗೆ ಬಿಡುವುದು ಗಡ್ಡೆಯನ್ನು ಹಂಚಲು ಕಳುಹಿಸಿದಂತೆ. ಆ ಕಾಲದಲ್ಲಿ ಕಟ್ಟಿಹಾಕಲೇಬೇಕು.

ಚುಚ್ಚುಮದ್ದಿನ ಮರುದಿನ ಕೆಲವು ನಾಯಿಗಳು ಊಟ ಬಿಡುತ್ತವೆ, ಒಂದೆರಡು ಸಲ ವಾಂತಿ ಮಾಡುತ್ತವೆ. ಮೆತ್ತಗಿನ ಅನ್ನಕ್ಕೆ ಮೊಟ್ಟೆಯನ್ನೋ ಬೇಯಿಸಿದ ಕೋಳಿಯನ್ನೋ ಕಲಸಿ ಸ್ವಲ್ಪ ಸ್ವಲ್ಪವಾಗಿ ಕೊಡಿ, ಈರುಳ್ಳಿ ಮಸಾಲೆ ಬೇಡ. ಮಲಬದ್ಧತೆ ಈ ಔಷಧಿಯ ಹಳೆಯ ಚಾಳಿ. ಎರಡು ದಿನ ಮಲ ಹೋಗದಿದ್ದರೆ, ಹೊಟ್ಟೆ ಉಬ್ಬರಿಸಿದರೆ ಹೇಳಿ. ನಾಲ್ಕರಿಂದ ಏಳನೇ ದಿನದವರೆಗೆ ಜ್ವರದ ಮೇಲೆ ಕಣ್ಣಿರಲಿ. ನಾಯಿಯ ಸಹಜ ಉಷ್ಣತೆಯೇ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಆದ್ದರಿಂದ 101 ಕಂಡು ಗಾಬರಿಯಾಗಬೇಡಿ. 103 ದಾಟಿ ನಾಯಿ ಮಂಕಾಗಿದ್ದರೆ ಅದು ತುರ್ತು. ಪ್ಯಾರಸಿಟಮಾಲ್, ಐಬುಪ್ರೊಫೇನ್‌ನಂಥ ನಮ್ಮ ಮಾತ್ರೆಗಳನ್ನು ಕೊಡಬೇಡಿ, ನಾಯಿಗೆ ಅವು ಅಪಾಯ.

ಒಂದು ಹಾಳೆಯಲ್ಲಿ ದಿನಾಂಕ, ತೂಕ, ರಕ್ತಕಣದ ಸಂಖ್ಯೆ, ಕೊಟ್ಟ ಔಷಧಿ ಬರೆದು, ಪ್ರತಿ ವಾರ ಒಂದೇ ಕೋನದಿಂದ ಗಡ್ಡೆಯ ಫೋಟೊ ತೆಗೆದಿಡಿ. ಎರಡನೇ ಮೂರನೇ ವಾರದ ಫೋಟೊದಲ್ಲೇ ವ್ಯತ್ಯಾಸ ಕಾಣುತ್ತದೆ, ಖರ್ಚಿಗೆ ನೆರವು ಕೇಳುವಾಗ ಬೀದಿಯವರಿಗೆ ತೋರಿಸಲೂ ಬರುತ್ತದೆ. ಇಲ್ಲೇ ಕಾಲು ಜಾರುವುದು. ಗಡ್ಡೆ ಕಣ್ಣಿಗೆ ಕಾಣದಂತಾದರೂ ವೈದ್ಯರು ಸಾಕು ಎನ್ನುವವರೆಗೆ ನಿಲ್ಲಿಸಬಾರದು. ಉಳಿದ ಚೂರಿನಿಂದ ಮತ್ತೆ ಬೆಳೆದ ಗಡ್ಡೆ ಅದೇ ಔಷಧಿಗೆ ಬಗ್ಗದೆ ಹೋಗಬಹುದು. ಅಂಥ ಹಟಮಾರಿ ಗಡ್ಡೆಗಳಿಗೆ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಔಷಧಿ ಇದೆ, ಅದರ ಅಪಾಯ ಹೆಚ್ಚು, ಬೆಲೆಯೂ ಹೆಚ್ಚು.

ಮರಳಿ ಬಿಡುವ ಮುನ್ನ

ರಕ್ತಕಣಗಳು ಸಹಜ ಮಟ್ಟಕ್ಕೆ ಬಂದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಕಿವಿಯಲ್ಲಿ ಕಚ್ಚು ಇರುವ ನಾಯಿಗೆ ಆಗಲೇ ಆಗಿದೆ ಎಂದರ್ಥ. ಅಂಥವಕ್ಕೂ ಮೂಸಿ ನೆಕ್ಕಿ ಈ ಗಡ್ಡೆ ಬರಬಹುದು, ಅಚ್ಚರಿಪಡಬೇಡಿ. ರೇಬೀಸ್ ಲಸಿಕೆಯಲ್ಲಿರುವುದು ಸತ್ತ ವೈರಾಣು, ಅದನ್ನು ಯಾವಾಗ ಹಾಕಬೇಕೆಂದು ವೈದ್ಯರು ಹೇಳುತ್ತಾರೆ. ನಾಯಿಗಳ ಅಂಟುರೋಗಗಳಾದ ಡಿಸ್ಟೆಂಪರ್, ಪಾರ್ವೊಗಳ ಸಂಯುಕ್ತ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದರಿಂದ ಕೀಮೋಥೆರಪಿ ಮುಗಿಯುವವರೆಗೆ ಅದು ಬೇಡ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು; ಊರಾಚೆ ಬಿಟ್ಟು ಬರುವುದು ಕಾನೂನಿಗೂ ಒಪ್ಪುವುದಿಲ್ಲ, ನಾಯಿಗೂ ಬದುಕಿಲ್ಲ. ಆದರೆ ನಾಯಿ ಶಾಲೆ, ಆಸ್ಪತ್ರೆ, ಬಸ್ ಅಥವಾ ರೈಲು ನಿಲ್ದಾಣದ ಆವರಣದ್ದಾಗಿದ್ದರೆ ಮಾತು ಬೇರೆ. 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶ ಅಂಥ ಸ್ಥಳಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದಿದೆ. ಚಿಕಿತ್ಸೆ ಶುರುವಾಗುವ ಮೊದಲೇ ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ನಾಯಿಯ ಮುಂದಿನ ನೆಲೆ ಯಾವುದೆಂದು ತೀರ್ಮಾನಿಸಿಕೊಳ್ಳಿ, ಇಲ್ಲವೇ ಸಾಕುವವರನ್ನು ಹುಡುಕಿ.

ಬಿಡುವಾಗ ಹಗಲು ಹೊತ್ತಿನಲ್ಲಿ, ಊಟ ಹಾಕುವವರು ಎದುರಿಗಿರುವಾಗ ಬಿಡಿ. ಕುತ್ತಿಗೆಗೆ ಹೊಳೆಯುವ ಪಟ್ಟಿ ಕಟ್ಟಿದರೆ ರಾತ್ರಿ ವಾಹನದವರಿಗೆ ಕಾಣುತ್ತದೆ. ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಟೀ ಅಂಗಡಿಯವರಿಗೆ ನಿಮ್ಮ ನಂಬರ್ ಕೊಟ್ಟು, ಮತ್ತೆ ರಕ್ತದ ಹನಿ ಕಂಡರೆ, ಸೀನು ಶುರುವಾದರೆ ತಿಳಿಸಲು ಹೇಳಿ. ಮುಂದಿನ ಆರು ತಿಂಗಳು ತಿಂಗಳಿಗೊಮ್ಮೆ ನೀವೇ ಹೋಗಿ ಹಿಂಭಾಗವನ್ನೂ ಮೂಗನ್ನೂ ಬಾಯಿಯನ್ನೂ ನೋಡಿ. ಅದರ ಜೊತೆ ತಿರುಗುವ ಬೇರೆ ನಾಯಿಗಳನ್ನೂ ಅದೇ ಹೊತ್ತಿಗೆ ಗಮನಿಸಿ, ಏಕೆಂದರೆ ಗಡ್ಡೆ ಆ ಗುಂಪಿನ ಯಾವುದೋ ಒಂದರಿಂದ ಬಂದಿರುವ ಸಂಭವವೇ ಹೆಚ್ಚು, ಮತ್ತು ಅದಕ್ಕೆ ಇನ್ನೂ ಯಾರೂ ಸೂಜಿ ಕೊಡಿಸಿರುವುದಿಲ್ಲ.